ಅಜ್ಜಿಯ "ಹೋಗ್ತಿದ್ವಿ" ಮತ್ತು ಫ್ರೆಂಚ್ ಎಂಪಾರ್ಫೆ



ಮಾಂಟ್ರಿಯಲ್‌ನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮ್ಮಂಥವರ ಮನೆಗಳಲ್ಲಿ ಸಂಜೆಯಾದರೆ ಒಂದು ನಾಟಕ ನಡೆಯುತ್ತದೆ. ಮಕ್ಕಳು ಫ್ರೆಂಚ್‌ನಲ್ಲಿ ಹೋಮ್‌ವರ್ಕ್ ತರುತ್ತಾರೆ. ಅಪ್ಪ ಅಮ್ಮ ಅದನ್ನು ಇಂಗ್ಲಿಷಿನಲ್ಲಿ ಅರ್ಥ ಮಾಡಿಕೊಳ್ಳಲು ಹೆಣಗುತ್ತಾರೆ. ಬೈಗುಳ ಮಾತ್ರ ಅಚ್ಚ ಕನ್ನಡದಲ್ಲಿ! ಕ್ವಿಬೆಕ್ ಪ್ರಾಂತ್ಯದಲ್ಲಿ 1977ರಲ್ಲಿ ಬಂದ ಫ್ರೆಂಚ್ ಭಾಷೆಯ ಕಾನೂನಿನ ಪ್ರಕಾರ (ಎಲ್ಲರ ಬಾಯಲ್ಲಿ ಅದು "ಬಿಲ್ 101") ವಲಸೆ ಬಂದವರ ಮಕ್ಕಳು ಸಾಮಾನ್ಯವಾಗಿ ಫ್ರೆಂಚ್ ಶಾಲೆಗೇ ಹೋಗಬೇಕು. ಹಾಗಾಗಿ ಈ ನಾಟಕ ಒಂದು ಮನೆಯದಲ್ಲ, ನಮ್ಮೆಲ್ಲರ ಮನೆಯದು.

ಈ ಸಲದ ಪಾಠ ಫ್ರೆಂಚ್‌ನ "ಎಂಪಾರ್ಫೆ", ಅಂದರೆ ಅಪೂರ್ಣ ಭೂತಕಾಲ. ಇದರ ಬಗ್ಗೆ ನಾನು ಬರೆಯಲು ಒಂದು ಕಾರಣವಿದೆ. ಇದರಲ್ಲಿ ನಾನೇ ಮಗಳಿಗೆ ತಪ್ಪು ಹೇಳಿಕೊಟ್ಟು ಅವಳ ಪುಟವನ್ನೆಲ್ಲ ಕೆಂಪು ಮಾಡಿಸಿದ್ದೇನೆ. ಆಮೇಲೆ ಅದನ್ನು ಸರಿ ಮಾಡಿದವರು ಫ್ರೆಂಚ್‌ನ ಒಂದಕ್ಷರ ಗೊತ್ತಿಲ್ಲದ ನನ್ನ ಅಮ್ಮ!

ನಡೆದದ್ದು ಇಷ್ಟು. ಐದನೇ ತರಗತಿಯ ಮಗಳಿಗೆ "ನಿಮ್ಮ ಅಜ್ಜ ಅಥವಾ ಅಜ್ಜಿಯ ಬಾಲ್ಯ" ಎಂದು ಒಂದು ಪುಟ ಬರೆಯಲು ಕೊಟ್ಟಿದ್ದರು. ಭೂತಕಾಲಕ್ಕೆ ಫ್ರೆಂಚ್‌ನಲ್ಲಿ ಎರಡು ರೂಪಗಳಿವೆ, ಯಾವುದನ್ನು ಎಲ್ಲಿ ಹಾಕಬೇಕು ಎಂದು ಅವಳು ಕೇಳಿದಳು. ನಾನು ನನ್ನ ಇಂಗ್ಲಿಷ್ ಗ್ರಾಮರ್ ನೆನಪಿಸಿಕೊಂಡು ಗತ್ತಿನಿಂದ ಹೇಳಿದೆ: "ಇಂಗ್ಲಿಷಿನಲ್ಲಿ 'ವಾಸ್ ಗೋಯಿಂಗ್' ಅಂತ ಬಂದರೆ ಎಂಪಾರ್ಫೆ, ಬರೀ 'ವೆಂಟ್' ಅಂತ ಬಂದರೆ ಪಾಸೇ ಕೋಂಪೋಜ಼ೇ. ಅಷ್ಟೇ!" ಪಾಪ, ಅವಳು "ಅಜ್ಜಿ ಎವ್ರಿ ಡೇ ಸ್ಕೂಲಿಗೆ ವಾಕ್ಡ್" ಎಂದು ಯೋಚಿಸಿ ಪಾಸೇ ಕೋಂಪೋಜ಼ೇ ಹಾಕಿದಳು. "ಅಜ್ಜಿ ಲಿವ್ಡ್ ಇನ್ ಎ ವಿಲೇಜ್" ಎಂದು ಯೋಚಿಸಿ ಅಲ್ಲೂ ಅದನ್ನೇ ಹಾಕಿದಳು. ಪುಟ ವಾಪಸ್ ಬಂದಾಗ ಹನ್ನೊಂದು ಕಡೆ ಕೆಂಪು ಗೆರೆ.

ನಮ್ಮ ಮನೆಯಲ್ಲಿ ಕನ್ನಡವೇ ಇದ್ದಾಗ ನಾನು ಇಂಗ್ಲಿಷಿನ ಸುತ್ತುದಾರಿ ಹಿಡಿದಿದ್ದೇ ತಪ್ಪು. ಹೇಗೆ ಅಂತ ಮುಂದೆ ನೋಡೋಣ. ಮೊದಲು ರೂಪಗಳನ್ನು ಕಲಿಯೋಣ.

1. ಉಚ್ಚಾರಣೆಗೆ ಒಂದು ಸಣ್ಣ ಸೂಚನೆ

ಫ್ರೆಂಚನ್ನು ಇಲ್ಲಿ ಕನ್ನಡ ಅಕ್ಷರಗಳಲ್ಲೇ ಬರೆಯುತ್ತಿದ್ದೇನೆ. "ಝ" ಎಂದು ಬರೆದ ಕಡೆ "ಟೆಲಿವಿಷನ್" ಪದದ ನಡುವಿನ ಸದ್ದು ತನ್ನಿ. "ಜ಼" ಎಂದಲ್ಲಿ "ಜ಼ೂ", "ಜ಼ೆಬ್ರಾ" ಪದಗಳ ಸದ್ದು. "ತ" ನಮ್ಮ "ತಾಯಿ"ಯ "ತ"ವೇ. ಇಂಗ್ಲಿಷ್ ಮಾತಾಡುವವರು ಇದನ್ನು "ಟ" ಮಾಡಿಬಿಡುತ್ತಾರೆ, ನಮಗೆ ಆ ಕಷ್ಟವಿಲ್ಲ.

ಇನ್ನೊಂದು ಮುಖ್ಯ ವಿಷಯ: ಪದದ ಕೊನೆಯಲ್ಲಿ ನಾನು "ಏ" ಎಂದು ಬರೆದರೆ ತುಟಿಯನ್ನು ನಗುವಂತೆ ಅಗಲಿಸಿ ಬಿಗಿಯಾಗಿ ಹೇಳಿ. "ಎ" ಎಂದು ಬರೆದರೆ ಬಾಯಿ ಸ್ವಲ್ಪ ತೆರೆಯಿರಿ, "ಬ್ಯಾಟ್" ಕಡೆಗೆ ಹೋದ "ಎ" ಇದ್ದಂತೆ. ಇಲ್ಲಿ ಉದ್ದ ಗಿಡ್ಡ ಮುಖ್ಯವಲ್ಲ, ಬಾಯಿ ಎಷ್ಟು ತೆರೆಯಿತು ಎನ್ನುವುದೇ ಮುಖ್ಯ. ಈ ಭೇದ ಯಾಕೆ ಬೇಕು ಎಂದು ಮುಂದೆ ತಿಳಿಯುತ್ತದೆ.

2. ರೂಪ ಮಾಡುವುದು ಹೇಗೆ?

ಫ್ರೆಂಚ್ ಕ್ರಿಯಾಪದಗಳೆಂದರೆ ಮಕ್ಕಳಿಗೂ ದೊಡ್ಡವರಿಗೂ ತಲೆನೋವು. ಆದರೆ ಎಂಪಾರ್ಫೆ ಮಾತ್ರ ಬಹಳ ಸಾಧು ಪ್ರಾಣಿ. ಇದಕ್ಕೆ ಇರುವುದು ಒಂದೇ ಸೂತ್ರ:

ವರ್ತಮಾನ ಕಾಲದಲ್ಲಿ "ನೂ" (ನಾವು) ಜೊತೆ ಬರುವ ರೂಪ ತೆಗೆದುಕೊಳ್ಳಿ. ಅದರ ಕೊನೆಯ "ಓಂ" (ಬರೆಯುವಾಗ ಓ-ಎನ್-ಎಸ್) ಕತ್ತರಿಸಿ. ಉಳಿದದ್ದಕ್ಕೆ ಎಂಪಾರ್ಫೆ ಪ್ರತ್ಯಯ ಅಂಟಿಸಿ.

"ಮಾತಾಡು" ಎಂಬ ಅರ್ಥದ "ಪಾರ್ಲೇ" ಧಾತುವನ್ನು ನೋಡೋಣ (ಬಿಸ್ಕತ್ತಿಗೂ ಇದಕ್ಕೂ ಸಂಬಂಧವಿಲ್ಲ!). ನಾವು ಮಾತಾಡುತ್ತೇವೆ = ನೂ ಪಾರ್ಲೋಂ. "ಓಂ" ತೆಗೆದರೆ ಉಳಿಯುವುದು "ಪಾರ್ಲ್". ಈಗ ಪ್ರತ್ಯಯ ಹಾಕಿ:

ಝ ಪಾರ್ಲೆ (ಕೊನೆಗೆ ಎ-ಐ-ಎಸ್) : ನಾನು ಮಾತಾಡುತ್ತಿದ್ದೆ
ತ್ಯು ಪಾರ್ಲೆ (ಎ-ಐ-ಎಸ್) : ನೀನು ಮಾತಾಡುತ್ತಿದ್ದೆ
ಇಲ್ / ಎಲ್ ಪಾರ್ಲೆ (ಎ-ಐ-ಟಿ) : ಅವನು ಮಾತಾಡುತ್ತಿದ್ದ / ಅವಳು ಮಾತಾಡುತ್ತಿದ್ದಳು
ನೂ ಪಾರ್ಲ್ಯೋಂ (ಐ-ಓ-ಎನ್-ಎಸ್) : ನಾವು ಮಾತಾಡುತ್ತಿದ್ದೆವು
ವೂ ಪಾರ್ಲ್ಯೇ (ಐ-ಇ-ಜ಼ೆಡ್) : ನೀವು ಮಾತಾಡುತ್ತಿದ್ದಿರಿ
ಇಲ್ / ಎಲ್ ಪಾರ್ಲೆ (ಎ-ಐ-ಇ-ಎನ್-ಟಿ) : ಅವರು ಮಾತಾಡುತ್ತಿದ್ದರು

ಒಂದು ತಮಾಷೆ ಗಮನಿಸಿದಿರಾ? ಫ್ರೆಂಚ್‌ನಲ್ಲಿ "ನಾನು" ಮತ್ತು "ನೀನು" ಎರಡಕ್ಕೂ ಒಂದೇ ಪ್ರತ್ಯಯ. ಕನ್ನಡದಲ್ಲೂ "ನಾನು ಮಾತಾಡುತ್ತಿದ್ದೆ, ನೀನು ಮಾತಾಡುತ್ತಿದ್ದೆ" ಎಂದು ಎರಡೂ ಒಂದೇ. ಎರಡು ಭಾಷೆಗೂ ನಂಟಿಲ್ಲ, ಇದು ಕಾಕತಾಳೀಯ. ಆದರೆ ನೆನಪಿಟ್ಟುಕೊಳ್ಳಲು ಮಕ್ಕಳಿಗೆ ಬಹಳ ಅನುಕೂಲ.

ಕಿವಿಗೆ ಕೇಳುವುದು ಮೂರೇ ರೂಪ: ಪಾರ್ಲೆ, ಪಾರ್ಲ್ಯೋಂ, ಪಾರ್ಲ್ಯೇ. "ನಾನು, ನೀನು, ಅವನು, ಅವರು" ನಾಲ್ಕಕ್ಕೂ ಸದ್ದು ಒಂದೇ, ಬರೆಯುವುದು ಮಾತ್ರ ಬೇರೆ. ಶಾಲೆಯ ಉಕ್ತಲೇಖನದಲ್ಲಿ ನಮ್ಮ ಮಕ್ಕಳು ಬೀಳುವುದು ಇದೇ ಹಳ್ಳಕ್ಕೆ. ಹಾಗಾಗಿ ಕ್ರಿಯಾಪದ ಕೇಳಿದ ಕೂಡಲೇ "ಯಾರು?" ಎಂದು ಹಿಂದೆ ತಿರುಗಿ ನೋಡುವ ಅಭ್ಯಾಸ ಮಾಡಿಸಿ.

ಈಗ ಸೊಟ್ಟ ಕ್ರಿಯಾಪದಗಳು. ವರ್ತಮಾನದಲ್ಲಿ ಎಷ್ಟೇ ಸೊಟ್ಟಗಿದ್ದರೂ ಎಂಪಾರ್ಫೆಗೆ ಬಂದರೆ ನೆಟ್ಟಗಾಗುತ್ತವೆ:

ಹೋಗು: ನೂಜ಼ಾಲೋಂ → ಝಾಲೆ (ಹೋಗುತ್ತಿದ್ದೆ)
ಇರು, ಬಳಿ ಇರು: ನೂಜ಼ಾವೋಂ → ಝಾವೆ (ನನ್ನ ಹತ್ತಿರ ಇತ್ತು)
ಮಾಡು: ನೂ ಫಜ಼ೋಂ → ಝ ಫಜ಼ೆ (ಮಾಡುತ್ತಿದ್ದೆ)
ಕುಡಿ: ನೂ ಬ್ಯುವೋಂ → ಝ ಬ್ಯುವೆ (ಕುಡಿಯುತ್ತಿದ್ದೆ)
ಮುಗಿಸು: ನೂ ಫಿನಿಸೋಂ → ಝ ಫಿನಿಸೆ (ಮುಗಿಸುತ್ತಿದ್ದೆ)
ಬೇಕು: ನೂ ವೂಲೋಂ → ಝ ವೂಲೆ (ಬೇಕಿತ್ತು)
ತಿಳಿ: ನೂ ಸಾವೋಂ → ಝ ಸಾವೆ (ಗೊತ್ತಿತ್ತು)

ಈ ಸೂತ್ರಕ್ಕೆ ಒಂದೇ ಒಂದು ಅಪವಾದ: "ಇರು, ಆಗಿರು" ಎಂಬ ಅರ್ಥದ "ಎತ್ರ್". ಅದರ "ನೂ" ರೂಪ "ಸೊಮ್". ಅದರಲ್ಲಿ ಕತ್ತರಿಸಲು "ಓಂ" ಇಲ್ಲ. ಹಾಗಾಗಿ ಅದಕ್ಕೆ "ಏತ್" ಎಂಬ ಬೇರೆ ಬುಡ: ಝೇತೆ, ತ್ಯು ಏತೆ, ಇಲೇತೆ, ನೂಜ಼ೇತ್ಯೋಂ, ವೂಜ಼ೇತ್ಯೇ, ಇಲ್‌ಜ಼ೇತೆ. ಇದನ್ನು ಬಾಯಿಪಾಠ ಮಾಡಲೇಬೇಕು, ಏಕೆಂದರೆ ಅತಿ ಹೆಚ್ಚು ಬಳಕೆಯಾಗುವುದು ಇದೇ. ಫ್ರೆಂಚ್ ಮಕ್ಕಳ ಕಥೆಗಳು ಶುರುವಾಗುವ "ಇಲೇತೆ ಯ್ಯುನ್ ಫ್ವಾ"ದಲ್ಲಿ ಇರುವುದೂ ಈ "ಏತೆ"ಯೇ. ನಮ್ಮ "ಒಂದೂರಲ್ಲಿ ಒಬ್ಬ ರಾಜ ಇದ್ದ" ಎಂಬುದರ "ಇದ್ದ" ಮಾಡುವ ಕೆಲಸವನ್ನೇ ಅಲ್ಲಿ ಅದು ಮಾಡುತ್ತದೆ.

ಮಳೆ ಬರುವುದು, "ಬೇಕಾಗುವುದು" ಇವಕ್ಕೆ "ನಾವು" ರೂಪವೇ ಇರುವುದಿಲ್ಲ. ಇವೆರಡನ್ನು ಹಾಗೇ ಕಲಿತುಬಿಡಿ: ಇಲ್ ಪ್ಲವೆ (ಮಳೆ ಬರುತ್ತಿತ್ತು), ಇಲ್ ಫಾಲೆ (ಬೇಕಾಗಿತ್ತು, ಮಾಡಬೇಕಿತ್ತು).

ಬರವಣಿಗೆಯಲ್ಲಿ ಎರಡು ಎಚ್ಚರಿಕೆ. "ತಿನ್ನು" ಎಂಬ ಅರ್ಥದ "ಮಾಂಝೇ"ಯಲ್ಲಿ "ಝ" ಸದ್ದು ಉಳಿಯಬೇಕಾದರೆ "ಎ" ಅಕ್ಷರದ ಮುಂಚೆ ಒಂದು "ಇ" ಅಕ್ಷರ ಬೇಕು: ಎಂ-ಎ-ಎನ್-ಜಿ-ಇ, ಆಮೇಲೆ ಎ-ಐ-ಎಸ್. ಇಲ್ಲದಿದ್ದರೆ ಅದು "ಮಾಂಗೆ" ಆಗಿ, ತಿನ್ನುವ ಬದಲು ಮಾವಿನಕಾಯಿಯಂತೆ ಕೇಳುತ್ತದೆ! ಆದರೆ "ನಾವು, ನೀವು" ರೂಪಗಳಲ್ಲಿ ಪ್ರತ್ಯಯವೇ "ಐ" ಅಕ್ಷರದಿಂದ ಶುರುವಾಗುವುದರಿಂದ ಆ "ಇ" ಬೇಡ. ಎರಡನೆಯದು "ಓದು, ಅಧ್ಯಯನ ಮಾಡು" ಎನ್ನುವ "ಏತ್ಯುದ್ಯೇ". ಇದರ ಬುಡದಲ್ಲೇ ಒಂದು "ಐ" ಇದೆ, ಪ್ರತ್ಯಯದ್ದು ಇನ್ನೊಂದು. ಆದ್ದರಿಂದ "ನಾವು, ನೀವು" ರೂಪಗಳಲ್ಲಿ ಎರಡು "ಐ" ಪಕ್ಕಪಕ್ಕದಲ್ಲಿ ಬರೆಯಬೇಕು. ಮಕ್ಕಳು ಟೈಪಿಂಗ್ ಮಿಸ್ಟೇಕ್ ಎಂದುಕೊಂಡು ಒಂದನ್ನು ಅಳಿಸಿಬಿಡುತ್ತಾರೆ.

3. "ಎ-ಐ" ಯಾಕೆ "ಎ" ಆಯಿತು? ಸ್ವಲ್ಪ ಇತಿಹಾಸ

ಈ ಪ್ರತ್ಯಯಗಳನ್ನು ಹಿಂದೆ ಓ-ಐ-ಎಸ್ ಎಂದು ಬರೆಯುತ್ತಿದ್ದರು. ಬಾಯಲ್ಲಿ "ಎ" ಎನ್ನುವುದು ರೂಢಿಯಾದ ಮೇಲೂ ಕಾಗದದ ಮೇಲೆ ಹಳೆಯ ಅಕ್ಷರವೇ ಉಳಿದಿತ್ತು. ಎ-ಐ ಎಂದು ಬರೆಯಬೇಕೆಂದು 18ನೇ ಶತಮಾನದಲ್ಲಿ ವಾದಿಸಿದವರಲ್ಲಿ ಸಾಹಿತಿ ವೋಲ್ತೇರ್ ಮುಖ್ಯರು. ಫ್ರೆಂಚ್ ಅಕಾಡೆಮಿ ತನ್ನ ನಿಘಂಟಿನಲ್ಲಿ ಅದನ್ನು ಒಪ್ಪಿಕೊಂಡಿದ್ದು 1835ರಲ್ಲಿ. ಕ್ವಿಬೆಕ್‌ನಲ್ಲಿ ಸಾಮಾನ್ಯವಾಗಿ ಕಾಣುವ "ಲಾಂಗ್ಲ್ವಾ" ಎಂಬ ಮನೆತನದ ಹೆಸರು ಈ ಹಳೆಯ ಬರಹದ ಪಳೆಯುಳಿಕೆ. ಅದರ ಅರ್ಥ "ಇಂಗ್ಲಿಷಿನವನು". ಇವತ್ತಿನ ಫ್ರೆಂಚ್‌ನಲ್ಲಿ ಅದೇ ಪದ "ಆಂಗ್ಲೆ" ಆಗಿದೆ, ಹೆಸರಿನಲ್ಲಿ ಮಾತ್ರ ಓ-ಐ-ಎಸ್ ಹಾಗೇ ಕೂತಿದೆ. ಮಕ್ಕಳ ಕ್ಲಾಸಿನಲ್ಲಿ ಆ ಹೆಸರಿನವರು ಯಾರಾದರೂ ಇದ್ದರೆ ಅವರಿಗೂ ಹೇಳಿ, ಖುಷಿಪಟ್ಟಾರು.

4. ಎಲ್ಲಿ ಬಳಸಬೇಕು? ಅಜ್ಜಿಯ ಪಾಠ

ಈಗ ನಮ್ಮ ಮನೆಯ ಕೆಂಪು ಪುಟಕ್ಕೆ ವಾಪಸ್ ಬರೋಣ. ತಿದ್ದಿ ಬರೆದುಕೊಂಡು ಬರಲು ಮೂರು ದಿನ ಸಮಯ ಕೊಟ್ಟಿದ್ದರು. ಭಾನುವಾರ ಅಮ್ಮನಿಗೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದೆ. ಅಮ್ಮ ಇರುವುದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. "ಅಜ್ಜಿ, ನೀನು ಚಿಕ್ಕವಳಿದ್ದಾಗಿನ ಕತೆ ಹೇಳು" ಎಂದಳು ಮಗಳು. ಅಮ್ಮ ಹೇಳುತ್ತಾ ಹೋದರು:

"ನಾವು ದಿನಾ ಎರಡು ಮೈಲಿ ನಡ್ಕೊಂಡು ಶಾಲೆಗೆ ಹೋಗ್ತಿದ್ವಿ ಪುಟ್ಟಿ. ದಾರೀಲಿ ಒಂದು ಹಳ್ಳ ಇತ್ತು. ಮಳೆಗಾಲದಲ್ಲಿ ತುಂಬಿ ಹರೀತಿತ್ತು. ಅಪ್ಪಯ್ಯ ನನ್ನ ಹೆಗಲ ಮೇಲೆ ಕೂರಿಸ್ಕೊಂಡು ದಾಟಿಸ್ತಿದ್ರು. ನಂಗೆ ಒಂಚೂರೂ ಹೆದರಿಕೆ ಇರ್ಲಿಲ್ಲ. ಒಂದು ದಿನ ರಾತ್ರಿ ಕಾಲುಸಂಕ ಕೊಚ್ಕೊಂಡು ಹೋಯ್ತು. ಆ ವರ್ಷ ನನ್ನ ಶಾಲೆ ಬಿಡಿಸಿದ್ರು."

ಮಗಳು ಕನ್ನಡ ಕ್ರಿಯಾಪದಗಳನ್ನು ಒಂದರ ಕೆಳಗೊಂದು ಬರೆದುಕೊಳ್ಳುತ್ತಿದ್ದಳು. ಪಟ್ಟಿ ನೋಡಿ ಅವಳೇ ಕೂಗಿದಳು: "ಅಮ್ಮಾ, ಟೀಚರ್ ಎಂಪಾರ್ಫೆ ಅಂತ ತಿದ್ದಿರೋ ಕಡೆ ಎಲ್ಲಾ ಅಜ್ಜಿ 'ತಿದ್ರು, ತಿದ್ವಿ, ತಿತ್ತು' ಅಂತಾಳೆ. ಇಲ್ಲಾಂದ್ರೆ 'ಇತ್ತು' ಅಂತಾಳೆ!"

ನಿಜ. ನೋಡಿ:

ಹೋಗ್ತಿದ್ವಿ = ಓನ್ ಆಲೆ (ಎಂಪಾರ್ಫೆ: ರೂಢಿಯಾಗಿ, ಮತ್ತೆ ಮತ್ತೆ ಮಾಡುತ್ತಿದ್ದದ್ದು. ಇಲ್ಲಿನ "ಓಂ" ಮಾತಿನಲ್ಲಿ "ನಾವು" ಎಂದೇ ಅರ್ಥ)
ಹಳ್ಳ ಇತ್ತು = ಇಲ್ ಯಾವೆ (ಎಂಪಾರ್ಫೆ: ಇದ್ದ ಸ್ಥಿತಿ, ವರ್ಣನೆ)
ತುಂಬಿ ಹರೀತಿತ್ತು = ದೇಬೋರ್ದೆ (ಎಂಪಾರ್ಫೆ)
ದಾಟಿಸ್ತಿದ್ರು = ಮ ಪೋರ್ತೆ, ಅಂದರೆ "ನನ್ನನ್ನು ಹೊರುತ್ತಿದ್ದರು" (ಎಂಪಾರ್ಫೆ)
ಹೆದರಿಕೆ ಇರ್ಲಿಲ್ಲ = ಝ ನಾವೆ ಪಾ ಪರ್ (ಎಂಪಾರ್ಫೆ)
ಕೊಚ್ಕೊಂಡು ಹೋಯ್ತು, ಬಿಡಿಸಿದ್ರು = ಒಂದೇ ಸಲ ನಡೆದು ಮುಗಿದವು. ಎರಡಕ್ಕೂ ಪಾಸೇ ಕೋಂಪೋಜ಼ೇ.

ಇಂಗ್ಲಿಷಿನಲ್ಲಿ ಹೇಳುವಾಗ "ವಿ ವಾಕ್ಡ್ ಎವ್ರಿ ಡೇ" ಎಂದರೂ ನಡೆಯುತ್ತದೆ, "ದಿ ಬ್ರಿಡ್ಜ್ ವಾಶ್ಡ್ ಅವೇ" ಎಂದರೂ ನಡೆಯುತ್ತದೆ. ಎರಡಕ್ಕೂ ಒಂದೇ ರೂಪ, ಆದ್ದರಿಂದ ಮಗುವಿಗೆ ಸುಳಿವು ಸಿಗುವುದಿಲ್ಲ. ಕನ್ನಡದಲ್ಲಿ ಯಾರೂ "ನಾವು ದಿನಾ ಶಾಲೆಗೆ ಹೋದೆವು" ಎನ್ನುವುದಿಲ್ಲ. "ಹೋಗುತ್ತಿದ್ದೆವು" ಎಂದೇ ಬಾಯಿಗೆ ಬರುತ್ತದೆ. ಫ್ರೆಂಚ್ ಕೇಳುವ ಭೇದವನ್ನು ನಮ್ಮ ಮಕ್ಕಳು ಶಾಲೆಗೆ ಸೇರುವ ಮೊದಲೇ ಕನ್ನಡದಲ್ಲಿ ಕಲಿತಿರುತ್ತಾರೆ. ನಾವು ಅದನ್ನು ಅವರಿಗೆ ತೋರಿಸಿಕೊಡಬೇಕು, ಅಷ್ಟೆ.

ಮೂರು ಪರೀಕ್ಷೆಗಳನ್ನು ಫ್ರಿಜ್ ಮೇಲೆ ಅಂಟಿಸಿಡಿ:

ಪರೀಕ್ಷೆ ಒಂದು. "ಉತ್ತಿದ್ದ" ಬಂದರೆ ಎಂಪಾರ್ಫೆ. ಬರೀ "ದ, ದಳು, ದರು" ಬಂದರೆ ಪಾಸೇ ಕೋಂಪೋಜ಼ೇ. "ನಾನು ಊಟ ಮಾಡುತ್ತಿದ್ದೆ, ಆಗ ಅವನು ಬಂದ." ಊಟ ನಡೆಯುತ್ತಲೇ ಇತ್ತು, ಅದು ಎಂಪಾರ್ಫೆ: ಝ ಮಾಂಝೆ. ಬರುವುದು ಥಟ್ಟನೆ ಆಯಿತು, ಅದು ಪಾಸೇ ಕೋಂಪೋಜ಼ೇ: ಇಲೆ ಆರಿವೇ.

ಪರೀಕ್ಷೆ ಎರಡು. "ಇತ್ತು" ಬಂದರೆ ಎಂಪಾರ್ಫೆ, "ಆಯಿತು" ಬಂದರೆ ಪಾಸೇ ಕೋಂಪೋಜ಼ೇ. ಗೊತ್ತಿತ್ತು = ಝ ಸಾವೆ, ಗೊತ್ತಾಯಿತು = ಝೇ ಸ್ಯು. ಭಯ ಇತ್ತು = ಝಾವೆ ಪರ್, ಭಯ ಆಯಿತು = ಝೇ ಯ್ಯು ಪರ್. ಇಂಗ್ಲಿಷಿನಲ್ಲಿ ಗೊತ್ತಿತ್ತು, ಗೊತ್ತಾಯಿತು ಎರಡಕ್ಕೂ "ನ್ಯೂ" ಎಂದೇ ಹೇಳಿಬಿಡಬಹುದು. ದೊಡ್ಡ ದೊಡ್ಡ ವಿದ್ಯಾರ್ಥಿಗಳು ಎಡವುವ ಈ ಜಾಗದಲ್ಲಿ ಕನ್ನಡದ ಮಗು ಸಲೀಸಾಗಿ ದಾಟುತ್ತದೆ.

ಪರೀಕ್ಷೆ ಮೂರು, ನಿಷೇಧಕ್ಕೆ. "ಹೋಗುತ್ತಿರಲಿಲ್ಲ" ಎಂದರೆ ಎಂಪಾರ್ಫೆ: ಝ ನಾಲೆ ಪಾ. "ಹೋಗಲಿಲ್ಲ" ಎಂದರೆ ಪಾಸೇ ಕೋಂಪೋಜ಼ೇ: ಝ ನ ಸ್ವೀ ಪಾಜ಼ಾಲೇ.

ಮೊದಲು ಹೇಳಿದ "ಎ" ಮತ್ತು "ಏ" ಭೇದ ಇಲ್ಲಿ ಕೆಲಸಕ್ಕೆ ಬರುತ್ತದೆ. "ಝ ಪಾರ್ಲೆ" ಎಂದರೆ ಮಾತಾಡುತ್ತಿದ್ದೆ, "ಝೇ ಪಾರ್ಲೇ" ಎಂದರೆ ಮಾತಾಡಿದೆ. ಶುರುವಿನ "ಝ", "ಝೇ" ಮತ್ತು ಕೊನೆಯ "ಎ", "ಏ" ಎರಡನ್ನೂ ನುಂಗಿಬಿಟ್ಟರೆ ಕೇಳುವವರಿಗೆ ಯಾವ ಕಾಲ ಎಂದೇ ತಿಳಿಯುವುದಿಲ್ಲ.

5. ನಯವಾಗಿ ಕೇಳುವುದಕ್ಕೂ ಇದೇ

ಇದು ದೊಡ್ಡವರಿಗೆ. ಕ್ಲಿನಿಕ್ಕಿನಲ್ಲೋ ಮಕ್ಕಳ ಶಾಲೆಯ ಆಫೀಸಿನಲ್ಲೋ ಏನಾದರೂ ಕೇಳಬೇಕಾದಾಗ "ಝ ವ" (ನನಗೆ ಬೇಕು) ಎಂದು ಶುರು ಮಾಡಿದರೆ ಜಗಳಕ್ಕೆ ಬಂದವರಂತೆ ಕಾಣುತ್ತೇವೆ. "ಝ ವೂಲೆ ವೂ ದಮಾಂದೇ..." ಎಂದು ಶುರು ಮಾಡಿ. ಪದಶಃ ಅದು "ನಿಮ್ಮನ್ನು ಕೇಳಬೇಕಿತ್ತು". ನಾವೂ ಊರಲ್ಲಿ "ನಿಮ್ಮ ಹತ್ರ ಒಂದು ಮಾತು ಕೇಳಬೇಕಿತ್ತು" ಎಂದೇ ಅಲ್ಲವೇ ಸಂಕೋಚದಿಂದ ಬಾಗಿಲಲ್ಲಿ ನಿಲ್ಲುವುದು? ಕೇಳಬೇಕಾಗಿರುವುದು ಈಗ, ಆದರೂ "ಇತ್ತು" ಎನ್ನುತ್ತೇವೆ. ಅದರಿಂದ ಮಾತು ಮೆತ್ತಗಾಗುತ್ತದೆ. ಎರಡೂ ಭಾಷೆಯವರಿಗೆ ಈ ಮರ್ಯಾದೆ ಗೊತ್ತು.

6. ಕನ್ನಡ ಕೈಕೊಡುವ ಎರಡು ಜಾಗಗಳು

ಎಲ್ಲ ಕಡೆ ಕನ್ನಡವನ್ನೇ ನಂಬಿ ಕೂರುವಂತಿಲ್ಲ. ಎರಡು ಕಡೆ ಎಚ್ಚರ ಬೇಕು.

ಒಂದು: ಅವಧಿ ಹೇಳಿ ಮುಗಿಸಿದಾಗ. "ನಾವು ಮೂರು ವರ್ಷ ಟೊರಾಂಟೊದಲ್ಲಿದ್ದೆವು" ಎನ್ನುವಾಗ ಕನ್ನಡದಲ್ಲಿ "ಇದ್ದೆವು" ಇದೆ. ಪರೀಕ್ಷೆ ಎರಡರ ಪ್ರಕಾರ ಎಂಪಾರ್ಫೆ ಆಗಬೇಕು ಅನ್ನಿಸುತ್ತದೆ. ಆದರೆ ಮೂರು ವರ್ಷ ಎಂದು ಬೇಲಿ ಹಾಕಿ ಬಿಟ್ಟಿದ್ದೇವೆ, ಆ ಕಾಲ ಮುಗಿಯಿತು. ಫ್ರೆಂಚ್ ಇಲ್ಲಿ ಪಾಸೇ ಕೋಂಪೋಜ಼ೇ ಕೇಳುತ್ತದೆ: ನೂಜ಼ಾವೋಂ ಆಬಿತೇ. "ಎರಡು ಗಂಟೆ ಹೊತ್ತು ಬೀಗದ ಕೈ ಹುಡುಕುತ್ತಿದ್ದೆ" ಎಂಬುದಕ್ಕೂ ಇದೇ ನಿಯಮ. ಅದೇ "ಆಗ ನಾವು ಟೊರಾಂಟೊದಲ್ಲಿದ್ದೆವು" ಎಂದು ಬೇಲಿ ಇಲ್ಲದೆ ಹೇಳಿದರೆ ಎಂಪಾರ್ಫೆ: ನೂಜ಼ಾಬಿತ್ಯೋಂ.

ಎರಡು: "ಇದ್ದರೆ" ವಾಕ್ಯಗಳು. "ದುಡ್ಡಿದ್ದರೆ ಕೊಳ್ಳುತ್ತಿದ್ದೆ" ಎನ್ನುತ್ತೇವೆ. ಇಲ್ಲಿ "ಉತ್ತಿದ್ದೆ" ಬಂದಿರುವುದು ವಾಕ್ಯದ ಕೊನೆಗೆ. ಫ್ರೆಂಚ್‌ನಲ್ಲಿ ಎಂಪಾರ್ಫೆ ಬರುವುದು "ಇದ್ದರೆ" ಇರುವ ಕಡೆ! "ಸಿ ಝಾವೆ ದ ಲಾರ್ಝಾಂ, ಝಾಶೆತ್ರೆ." ಮೊದಲ ಭಾಗ ಎಂಪಾರ್ಫೆ (ಝಾವೆ). ಎರಡನೆಯದು "ಕೋಂದಿಸ್ಯೋನೆಲ್" ಎಂಬ ಬೇರೆ ರೂಪ. ನಮ್ಮ ಮಕ್ಕಳು ಕನ್ನಡದ ಲೆಕ್ಕದಲ್ಲಿ ಇದನ್ನು ತಿರುಗಾಮುರುಗಾ ಮಾಡುತ್ತಾರೆ. "ಸಿ" ಪಕ್ಕದಲ್ಲಿ "ರೆ" ಸದ್ದಿನ ಆ ಪ್ರತ್ಯಯ ಕೂರುವಂತಿಲ್ಲ ಎಂದು ಶಾಲೆಯಲ್ಲೂ ಬಾಯಿಪಾಠ ಮಾಡಿಸುತ್ತಾರೆ. ಒಂದು ಸಮಾಧಾನ: ಕೋಂದಿಸ್ಯೋನೆಲ್ ರೂಪದ ಪ್ರತ್ಯಯಗಳೂ ಇವೇ ಆರು, ಹಿಂದೆ ಒಂದು "ರ" ಸದ್ದು ಸೇರುತ್ತದೆ ಅಷ್ಟೆ. ಒಂದು ಸಲ ಕಲಿತದ್ದು ಎರಡು ಕಡೆ ಉಪಯೋಗ.

7. ಮನೆಗೆಲಸ

ಇವು ಎಂಪಾರ್ಫೆಯೋ ಪಾಸೇ ಕೋಂಪೋಜ಼ೇಯೋ ಹೇಳಿ. ಉತ್ತರ ಕೆಳಗಿದೆ, ಮೊದಲೇ ನೋಡಬೇಡಿ!

(ಅ) ಚಿಕ್ಕವನಿದ್ದಾಗ ನಾನು ದಿನಾ ಹಾಲು ಕುಡಿಯುತ್ತಿದ್ದೆ.
(ಆ) ಅವರ ಮನೆಯಲ್ಲಿ ಎರಡು ಹಸು ಇದ್ದವು.
(ಇ) ನಿನ್ನೆ ನನಗೆ ವಿಷಯ ಗೊತ್ತಾಯಿತು.
(ಈ) ಮಳೆ ಬರುತ್ತಿತ್ತು, ಬಸ್ಸು ಬಂತು.
(ಉ) ಅವಳು ಐದು ವರ್ಷ ಮೈಸೂರಿನಲ್ಲಿದ್ದಳು.
(ಊ) ಅವನು ಮಾತಾಡುತ್ತಿರಲಿಲ್ಲ.

ಉತ್ತರ: (ಅ) ಎಂಪಾರ್ಫೆ, ಝ ಬ್ಯುವೆ. (ಆ) ಎಂಪಾರ್ಫೆ, ಇಲ್‌ಜ಼ಾವೆ. (ಇ) ಪಾಸೇ ಕೋಂಪೋಜ಼ೇ, ಝೇ ಸ್ಯು. (ಈ) ಮಳೆಗೆ ಎಂಪಾರ್ಫೆ, ಇಲ್ ಪ್ಲವೆ. ಬಸ್ಸಿಗೆ ಪಾಸೇ ಕೋಂಪೋಜ಼ೇ. (ಉ) ಪಾಸೇ ಕೋಂಪೋಜ಼ೇ, ಐದು ವರ್ಷದ ಬೇಲಿ ಇದೆ. (ಊ) ಎಂಪಾರ್ಫೆ, ಇಲ್ ನ ಪಾರ್ಲೆ ಪಾ.

ಕೊನೆಗೊಂದು ಮಾತು

ಅಂದು ಫೋನ್ ಇಡುವ ಮುಂಚೆ ಮಗಳು ಪ್ರಶ್ನೆಪತ್ರಿಕೆಯ ಕೊನೆಯ ಪ್ರಶ್ನೆ ಕೇಳಿದಳು: "ಅಜ್ಜಿ, ದೊಡ್ಡವಳಾದ ಮೇಲೆ ಏನಾಗ್ಬೇಕು ಅಂತಿತ್ತು ನಿಂಗೆ?"

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಟೀಚರ್ ಆಗ್ಬೇಕು ಅಂತಿತ್ತು ಮಗಾ" ಎಂದರು.

ಮಗಳು ಬರೆದುಕೊಂಡಳು: "ಝ ವೂಲೆ ಎತ್ರ್ ಆಂಸೆನ್ಯಾಂತ್." ಆಮೇಲೆ ನನ್ನ ಕಡೆ ತಿರುಗಿ, "ಅಜ್ಜಿ ಟೀಚರ್ ಆಗ್ಲಿಲ್ಲ ಅಲ್ವಾ? ಹಾಗಾದ್ರೆ ಮುಗಿದುಹೋಯ್ತು, ಪಾಸೇ ಕೋಂಪೋಜ಼ೇ ಹಾಕ್ಬೇಕಾ?" ಎಂದಳು. ಬೇಡ ಎಂದೆ. ಆಗಬೇಕೆಂಬ ಆಸೆ ಒಂದು ದಿನ ಬಂದು ಒಂದು ದಿನ ಹೋದದ್ದಲ್ಲ. ಅದು ಇತ್ತು. ಈಡೇರಿತೋ ಇಲ್ಲವೋ ಎಂಬುದನ್ನು ಎಂಪಾರ್ಫೆ ಹೇಳುವುದಿಲ್ಲ. ಅಪೂರ್ಣ ಎಂದು ಅದಕ್ಕೆ ಹೆಸರಿಟ್ಟಿರುವುದು ಸುಮ್ಮನೆ ಅಲ್ಲ.

ನಾನು ಅವರ ಮಗಳು. ನನಗೆ ಇಷ್ಟು ವಯಸ್ಸಾದರೂ ಅಮ್ಮನಿಗೆ ಆ ಆಸೆ ಇತ್ತೆಂದು ಗೊತ್ತಿರಲಿಲ್ಲ. ಅಂದು ಗೊತ್ತಾಯಿತು. (ಮೊದಲನೆಯದು ಎಂಪಾರ್ಫೆ, ಎರಡನೆಯದು ಪಾಸೇ ಕೋಂಪೋಜ಼ೇ!) ನಾನಾಗಿ ಯಾವತ್ತೂ ಕೇಳಿರಲಿಲ್ಲ. ಒಂದು ಫ್ರೆಂಚ್ ಹೋಮ್‌ವರ್ಕ್ ಕೇಳಿಸಿತು.

ಕ್ವಿಬೆಕ್‌ನ ಕಾರುಗಳ ನಂಬರ್ ಪ್ಲೇಟಿನ ಮೇಲೆ 1978ರಿಂದ "ಝ ಮ ಸೂವ್ಯೆಂ" ಎಂದು ಬರೆದಿರುತ್ತದೆ. "ನನಗೆ ನೆನಪಿದೆ" ಎಂದರ್ಥ. ನೆನಪಿರುವುದೆಲ್ಲ ಮುಂದೆ ಬರುವುದು ಹೆಚ್ಚಾಗಿ ಎಂಪಾರ್ಫೆಯಲ್ಲೇ: ಹೋಗುತ್ತಿದ್ದೆವು, ಆಡುತ್ತಿದ್ದೆವು, ಇತ್ತು, ಬೇಕಿತ್ತು. ಮನೆಯಲ್ಲಿ ಮಕ್ಕಳ ಜೊತೆ ಕನ್ನಡ ಮಾತಾಡಿದರೆ ಫ್ರೆಂಚ್ ಹಿಂದೆ ಬೀಳುತ್ತದೆ ಎಂದು ಹೆದರುವ ಅಪ್ಪ ಅಮ್ಮಂದಿರಿಗೆ ನನ್ನದೊಂದು ಸಲಹೆ. ಈ ವಾರ ಊರಿಗೆ ಫೋನ್ ಮಾಡಿ, ಮಗುವಿನ ಕೈಗೆ ಕೊಟ್ಟು, "ನೀವು ಚಿಕ್ಕವರಿದ್ದಾಗ ಏನು ಮಾಡುತ್ತಿದ್ದಿರಿ?" ಎಂದು ಕೇಳಿಸಿ. ಆ ಕಡೆಯಿಂದ ಬರುವ ಉತ್ತರದಲ್ಲಿ ಒಂದು ತಿಂಗಳಿಗೆ ಸಾಕಾಗುವಷ್ಟು ಎಂಪಾರ್ಫೆ ಇರುತ್ತದೆ.

ಮಗಳ ಪುಟ ಎರಡನೇ ಸಲ ವಾಪಸ್ ಬಂತು. ಒಂದೇ ಒಂದು ಕೆಂಪು ಗೆರೆ ಇತ್ತು. ಮಾಂಝೇಯಲ್ಲಿ ಆ ಹಾಳು "ಇ" ಅಕ್ಷರ ಬಿಟ್ಟಿದ್ದಳು.

ಮುಂದಿನ ಸಂಚಿಕೆಯಲ್ಲಿ ಪಾಸೇ ಕೋಂಪೋಜ಼ೇ ನೋಡೋಣ. ಅಲ್ಲಿಯವರೆಗೆ ನಮಸ್ಕಾರ.